ಇನ್ನೊಂದು ಸೂರಿನ ಕೆಳಗೆ

ಸೂರ್ಯಕಾಂತಿಯ ಒಕ್ಕಣೆ ಮುಗಿಯುತ್ತ ಬಂದಿತ್ತು. ಬೆಳಗಿನಿಂದ ಟ್ರಾಕ್ಟರುಗಳು ಠಾಣೆಯ ಮುಂದಿನ ರಸ್ತೆಯಲ್ಲಿ ಒಂದರ ಹಿಂದೊಂದು ಗೋದಾಮಿನ ಕಡೆಗೆ ಹೋಗುತ್ತಿದ್ದವು. ರಸ್ತೆಯಾಚೆಯ ಕಣದಲ್ಲಿ ಯಂತ್ರ ಗುಡುಗುಡು ಎನ್ನುತ್ತಿತ್ತು. ಅಲ್ಲಿಂದ ಎದ್ದ ಹೊಟ್ಟು ಕಿಟಕಿಯ ಸರಳುಗಳ ನಡುವೆ ತೂರಿ ಬಂದು ಮೇಜು, ಕಡತ, ನೀರಿನ ಕೊಡದ ಮುಚ್ಚಳ ಎಲ್ಲದರ ಮೇಲೂ ಕೂರುತ್ತಿತ್ತು. ದಫೇದಾರ ಠಾಣಾ ಡೈರಿಯ ಪುಟವನ್ನು ಒರೆಸಿ, ಸೀನಿ, ಮತ್ತೆ ಒರೆಸಿದ.

"ಬೆಳೆ ಅವರದು, ಸೀನು ನಮ್ಮದು," ಎಂದ.

ಇನ್‌ಸ್ಪೆಕ್ಟರ್ ನಗಲಿಲ್ಲ. ಅವರೂ ಹೊಲದ ಮನೆಯಿಂದ ಬಂದವರು. ಹೊಟ್ಟಿನ ವಾಸನೆ ಅವರಿಗೆ ಹಿತವೇ ಆಗಿತ್ತು.

ಮಂಗಳವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಬೀಜ ಬೆಳೆಗಾರರ ಸಹಕಾರ ಸಂಘದ ವ್ಯವಸ್ಥಾಪಕ ದೂರು ಹಿಡಿದು ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಳುವಾಗಿದ್ದು ಏನು?" ಇನ್‌ಸ್ಪೆಕ್ಟರ್ ಕೇಳಿದರು.

"ಮೇಲು."

"ಎಷ್ಟು?"

"ಅಷ್ಟೂ."

ದಫೇದಾರ ಪೆನ್ನು ಎತ್ತಿ ಹಿಡಿದು ಕಾದ. ವ್ಯವಸ್ಥಾಪಕ ಉಸಿರು ಬಿಟ್ಟು ಬಿಡಿಸಿ ಹೇಳಿದ. ಸಂಘದ ಮೇಲ್ ಸರ್ವರ್ ಸಂಘದ ಕಟ್ಟಡದಲ್ಲೇ ಇದೆ. ಅದರಲ್ಲಿ ನಾಲ್ಕು ಡೇಟಾಬೇಸ್: ಆಡಳಿತ, ಲೆಕ್ಕ, ಮಾರಾಟ, ಕ್ಷೇತ್ರ. ಕ್ಷೇತ್ರದಲ್ಲಿದ್ದದ್ದು ಹೊಲಗಳ ತಪಾಸಕಿಯ ಮೇಲುಗಳು, ಬೆಳೆಗಾರರ ಮೇಲುಗಳು. ಸೋಮವಾರ ಸಂಜೆ ಅದನ್ನು ಯಾರೋ ಅಳಿಸಿದ್ದಾರೆ. ಮರಳಿ ತೆಗೆಯಲಾಗದ ಹಾಗೆ, ಅಳಿಸಿದ ಜಾಗದ ಮೇಲೆ ಕಸ ಬರೆದು ತುಂಬಿದ್ದಾರೆ.

"ನಾಲ್ಕು ಕಣಜ, ಒಂದು ಖಾಲಿ ಅನ್ನಿ," ಎಂದ ದಫೇದಾರ.

"ಎತ್ತಿಟ್ಟ ಪ್ರತಿ ಇರಬೇಕಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಇದೆ. ಮೂರು ಡೇಟಾಬೇಸ್‌ದು ಇದೆ, ಇದೊಂದರದ್ದು ಇಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದು. ಬರೋ ಸೋಮವಾರ ಪ್ರಮಾಣೀಕರಣ ಸಮಿತಿ ಕೂರುತ್ತೆ. ಹೊಸ ಬೀಜ. ಮೂರು ಬೆಳೆ ಕಾಲ ಪ್ರತಿ ಹೊಲ ಯಾವತ್ತು ಹೂ ಬಿಡ್ತು, ಬೆರಕೆ ಗಿಡ ಎಷ್ಟು ಕಿತ್ತರು, ಎಲ್ಲ ಫೋಟೋ ಸಮೇತ ಆ ಮೇಲುಗಳಲ್ಲೇ ಇದ್ದದ್ದು. ಅದು ತೋರಿಸದಿದ್ದರೆ ಬೀಜ ಅನ್ನಿಸಿಕೊಳ್ಳಲ್ಲ. ಹೊರಗೆ ಹೋಗ್ತಾ ಇದೆಯಲ್ಲ, ಆ ಟ್ರಾಕ್ಟರೆಲ್ಲ ಸೀದಾ ಎಣ್ಣೆ ಗಾಣಕ್ಕೆ."

"ಯಾರ ಮೇಲಾದರೂ ಅನುಮಾನ?"

ವ್ಯವಸ್ಥಾಪಕ ದನಿ ತಗ್ಗಿಸಿದ. "ತಪಾಸಕಿ ಮೇಲೇ. ಹೊಲಕ್ಕೆ ಹೋಗದೆ ಮನೇಲಿ ಕೂತು ವರದಿ ಬರೆದಿರ್ತಾಳೆ, ಸಮಿತಿ ಹತ್ತಿರ ಬಂತು, ಅಳಿಸಿಹಾಕಿದಳು. ಸಮಿತಿ ಎದುರು ಏನೂ ತೋರಿಸದಿದ್ದರೆ ಅವತ್ತೇ ಅವಳನ್ನ ಕೆಲಸದಿಂದ ತೆಗೀತೀನಿ. ನೀವು ಒಳಗೆ ಹಾಕಿ."

"ಹಾಕೋದು ಆಮೇಲೆ. ಮೊದಲು ಬರೆದುಕೊಳ್ಳೋಣ," ಎಂದರು ಇನ್‌ಸ್ಪೆಕ್ಟರ್. ಎಫ್‌ಐಆರ್ ದಾಖಲಾಯಿತು.

*

ಸರ್ವರ್ ಕೋಣೆ ಮೊದಲು ಬೀಜದ ಮಾದರಿ ಇಡುತ್ತಿದ್ದ ಕೋಣೆ. ಗೋಡೆಗೆ ಇನ್ನೂ ಬೀಜೋಪಚಾರದ ಔಷಧಿಯ ಘಾಟು ಅಂಟಿತ್ತು. ಎಸಿಯ ನೀರು ಒಂದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಪಂಚರಾಗಿ ಗೋದಾಮಿನ ತೂಕದವನೂ ಎದುರಿನ ಅಂಗಡಿಯವನೂ ಬಂದು ಬಾಗಿಲ ಬಳಿ ನಿಂತರು. ಪಂಚನಾಮೆ ಬರೆಯುತ್ತಿದ್ದ ದಫೇದಾರ ಕೀಬೋರ್ಡನ್ನು ಎತ್ತಿ ನೋಡಿದ. ಕೆಳಗೆ ಚೀಟಿ ಅಂಟಿಸಿತ್ತು: ಆಡ್ಮಿನ್ ಪಾಸ್‌ವರ್ಡ್.

"ಬೀಗ ಹಾಕಿ ಬೀಗದ ಕೈಯನ್ನ ಬಾಗಿಲಿಗೇ ನೇತುಹಾಕಿದ ಹಾಗೆ," ಎಂದ.

"ಇದು ಗೊತ್ತಿದ್ದವರು ಮೂವರೇ," ಎಂದಳು ಮೇಲ್ ವಿಭಾಗದ ಮೇಲ್ವಿಚಾರಕಿ. "ನಾನು, ವ್ಯವಸ್ಥಾಪಕರು, ಗುತ್ತಿಗೆ ಮೇಲೆ ಬರೋ ಕಂಪ್ಯೂಟರಿನವನು."

ನಲವತ್ತರ ಆಸುಪಾಸಿನ ಹೆಂಗಸು. ಕನ್ನಡಕ, ಬಿಗಿಯಾಗಿ ಕಟ್ಟಿದ ಕೂದಲು, ಉಗುರು ಗಿಡ್ಡಕ್ಕೆ ಕತ್ತರಿಸಿದ ಬೆರಳುಗಳು. ಕೇಳುವ ಮೊದಲೇ ಅವಳು ಬ್ಯಾಕಪ್‌ನ ಆಯ್ಕೆಗಳ ಪರದೆ ತೆರೆದಳು. ನಾಲ್ಕು ಡೇಟಾಬೇಸ್‌ಗಳ ಹೆಸರು, ಪ್ರತಿಯೊಂದರ ಮುಂದೆ ಒಂದು ಚೌಕ. ಮೂರು ಚೌಕದಲ್ಲಿ ಟಿಕ್ ಇತ್ತು.

"ಇಲ್ಲಿ ನೋಡಿ ಸಾರ್. ಕ್ಷೇತ್ರದ ಮುಂದೆ ಟಿಕ್ ತೆಗೆದಿದ್ದಾರೆ. ಆರು ವಾರ ಆಯ್ತು. ಎಷ್ಟು ದಿನದ ಪ್ರತಿ ಇಟ್ಟುಕೋಬೇಕು ಅನ್ನೋ ಜಾಗದಲ್ಲಿ ತೊಂಬತ್ತು ಇತ್ತು, ಮೂವತ್ತು ಮಾಡಿದ್ದಾರೆ. ಹಳೆಯ ಪ್ರತಿಗಳು ತಾವಾಗೇ ಉದುರಿ ಹೋಗಿವೆ."

"ಆರು ವಾರ ನಿಮಗೆ ಗೊತ್ತಾಗಲಿಲ್ವಾ?"

"ದಿನಾ ಬೆಳಗ್ಗೆ 'ಬ್ಯಾಕಪ್ ಯಶಸ್ವಿ' ಅಂತ ಬರುತ್ತೆ. ಟಿಕ್ ಇರೋದನ್ನ ಎತ್ತಿಡುತ್ತೆ, ಯಶಸ್ವಿ ಅನ್ನುತ್ತೆ. ಬಿಟ್ಟದ್ದರ ಸುದ್ದಿ ಅದು ಎತ್ತಲ್ಲ. ಯಶಸ್ವಿ ಅಂದ ಮೇಲೆ ಒಳಗೆ ಇಣುಕೋರು ಯಾರು ಸಾರ್? ನನ್ನದೇ ತಪ್ಪು, ಬರ್ಕೊಳ್ಳಿ."

"ಬೇರೆಲ್ಲೂ ಪ್ರತಿ ಇಲ್ಲವಾ?"

"ಒಂದು ಪ್ರತಿ ಯಾವಾಗಲೂ ಇನ್ನೊಂದು ಸೂರಿನ ಕೆಳಗೆ ಇರಬೇಕು. ಇಲ್ಲಿಗೇ ಬೆಂಕಿ ಬಿದ್ದರೆ? ಅದಕ್ಕೆ ಪ್ರತಿ ಭಾನುವಾರದ ಡಿಸ್ಕನ್ನ ನಮ್ಮ ಮನೆಗೆ ಒಯ್ದು ಇಡ್ತೀನಿ. ನಾಲ್ಕು ಡಿಸ್ಕು, ಸರದಿ ಮೇಲೆ. ಹಳೆಯದರ ಮೇಲೇ ಹೊಸದು ಬರೆಯೋದು. ಆರು ವಾರದಲ್ಲಿ ನಾಲ್ಕೂ ಒಂದೊಂದು ಸುತ್ತು ಮುಗಿಸಿವೆ." ಪರದೆ ಮುಚ್ಚುತ್ತ ಹೇಳಿದಳು, "ಪಾಪ, ಅವಳಿಗೆ ಮೊದಲಿಂದಲೂ ಆತುರ ಜಾಸ್ತಿ."

"ಯಾರಿಗೆ?"

"ತಪಾಸಕಿಗೆ. ನನ್ನ ವಾರಗಿತ್ತಿ ಅವಳು, ಮೈದುನನ ಹೆಂಡತಿ. ನಾನೇ ನೋಡಿ ತಂದ ಹುಡುಗಿ. ಇಲ್ಲಿ ಕೆಲಸ ಕೊಡಿಸಿದ್ದೂ ನಾನೇ."

ಹೊರಗೆ ಬಂದ ಮೇಲೆ ಅವಳು ಬೀಗ ಹಾಕಿ ಜಗ್ಗಿದಳು. ಎರಡು ಹೆಜ್ಜೆ ಹೋಗಿ, ಹಿಂದಿರುಗಿ, ಮತ್ತೊಮ್ಮೆ ಜಗ್ಗಿದಳು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

*

ಕಂಪ್ಯೂಟರಿನವನನ್ನು ಪೇಟೆಯವರೆಲ್ಲ ಡಬ್ಬಿ ಡಾಕ್ಟರ್ ಎಂದು ಕರೆಯುತ್ತಿದ್ದರು. ಐದಾರು ಕಚೇರಿಗಳ ಯಂತ್ರ ಅವನ ಕೈಯಲ್ಲಿ. ಬುಧವಾರ ಠಾಣೆಗೆ ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಸೋಮವಾರ ಸಂಜೆ ಸಂಘದಲ್ಲಿದ್ದೆಯಾ?"

"ಇದ್ದೆ. ಪ್ರಿಂಟರ್ ಕಚ್ಚಿಕೊಂಡಿತ್ತು."

"ಆರು ವಾರದ ಹಿಂದೆ?"

"ಆಗ ತಪಾಸಕಿ ಮೇಡಂ ಮೇಲ್ ಪೆಟ್ಟಿಗೆ ತುಂಬಿದೆ, ದೊಡ್ಡದು ಮಾಡಿಕೊಡು ಅಂದ್ರು. ಮಾಡಿಕೊಟ್ಟೆ. ಟಿಕ್ ಮುಟ್ಟಿಲ್ಲ ಸಾರ್. ನಮ್ಮಪ್ಪನಾಣೆ."

"ಅಪ್ಪ ಇದ್ದಾರಾ?" ದಫೇದಾರ ಕೇಳಿದ.

"ಇಲ್ಲ."

"ಹಾಗಾದರೆ ಬೇರೆ ಆಣೆ ಹುಡುಕು."

ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಇನ್‌ಸ್ಪೆಕ್ಟರ್ ಮತ್ತೆ ಸಂಘಕ್ಕೆ ಹೋದರು. ಬ್ಯಾಕಪ್ ಮಾಡಿದ ಹಳೆಯ ಕೆಲಸಗಳ ಚರಿತ್ರೆ ತೋರಿಸು ಎಂದರು. ಉದ್ದದ ಪಟ್ಟಿ. ಟಿಕ್ ತೆಗೆದ ದಿನ ಗುರುವಾರ, ಸಂಜೆ ಐದೂ ನಲವತ್ತು. ಅದರ ಹಿಂದಿನ ಸಾಲಿನ ಮೇಲೆ ಡಬ್ಬಿ ಡಾಕ್ಟರನ ಬೆರಳು ನಿಂತಿತು.

"ಇದೇನಿದು... ಅದೇ ದಿನ ಮಧ್ಯಾಹ್ನ ಯಾರೋ ಕೈಯಾರೆ ಒಂದು ಪೂರ್ತಿ ಪ್ರತಿ ತೆಗೆದಿದ್ದಾರೆ. ಕ್ಷೇತ್ರದ್ದು ಮಾತ್ರ. ಹೊರಗಿನ ಡಿಸ್ಕಿಗೆ."

"ಅಂದರೆ ಅಳಿಸೋಕೆ ದಾರಿ ಮಾಡೋ ಮೊದಲು ಎತ್ತಿಟ್ಟಿದ್ದಾರೆ."

"ಹೌದು. ಎತ್ತಿಟ್ಟು, ಪರಿಶೀಲನೆ ಆಯ್ಕೆನೂ ಹಾಕಿದ್ದಾರೆ. ಅಂದ್ರೆ ಪ್ರತಿ ತೆಗೆದಾದ ಮೇಲೆ ಅದು ಸರಿಯಾಗಿದೆಯಾ ಅಂತ ಯಂತ್ರ ಮತ್ತೆ ಮೊದಲಿಂದ ಕೊನೆ ತನಕ ಓದಿ ನೋಡುತ್ತೆ."

"ನೀನು ಹಾಕ್ತೀಯಾ?"

ಅವನು ತಲೆ ಕೆರೆದುಕೊಂಡ. "ನಿಜ ಹೇಳ್ಲಾ ಸಾರ್? ಅದು ಎರಡರಷ್ಟು ಹೊತ್ತು ತಿನ್ನುತ್ತೆ. ಯಾರೂ ಹಾಕಲ್ಲ."

"ಈ ಚರಿತ್ರೆ ಅಳಿಸೋಕೆ ಆಗುತ್ತಾ?"

"ಒಂದು ಗುಂಡಿ ಒತ್ತಿದರೆ ಮುಗೀತು."

ಅಳಿಸಿದ ಜಾಗದ ಮೇಲೆ ಕಸ ತುಂಬುವಷ್ಟು ತಿಳಿದವರು ಆ ಒಂದು ಗುಂಡಿ ಒತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಅವನು ನೋಡಿಕೊಳ್ಳುವ ಉಳಿದ ಕಚೇರಿಗಳಿಗೂ ದಫೇದಾರನನ್ನು ಕಳಿಸಿ ನೋಡಿಸಿದರು. ಎಲ್ಲಿಯೂ ಪರಿಶೀಲನೆಯ ಟಿಕ್ ಇರಲಿಲ್ಲ. ಅವನು ಆ ಮಟ್ಟಿಗೆ ಸತ್ಯವಂತ. ವ್ಯವಸ್ಥಾಪಕನನ್ನು ಕರೆದು ಬ್ಯಾಕಪ್ ಹೇಗೆ ತೆಗೆಯುತ್ತೀರಿ ಎಂದು ಕೇಳಿದಾಗ, "ಒಂದು ಹಸಿರು ಗೆರೆ ಬರುತ್ತಲ್ಲ, ಅದು ತುಂಬುತ್ತೆ," ಎಂದ. ಅದಕ್ಕಿಂತ ಹೆಚ್ಚಿಗೆ ಅವನಿಗೆ ತಿಳಿದಿರಲಿಲ್ಲ.

*

ತಪಾಸಕಿಯ ಹೇಳಿಕೆಯನ್ನು ಮಹಿಳಾ ಪೇದೆಯ ಎದುರು ಗೋದಾಮಿನ ಹಿಂದಿನ ಜಗಲಿಯ ಮೇಲೆ ಪಡೆದರು. ಬಿಸಿಲಿಗೆ ಕಂದಿದ ಮುಖ, ಬೂಟಿಗೆ ಮಣ್ಣು. ಅತ್ತು ಅತ್ತು ಕಣ್ಣು ಊದಿದ್ದರೂ ಮಾತು ಗಟ್ಟಿಯಾಗಿತ್ತು. ಸೊಂಟದಲ್ಲಿ ಒಂದು ದಪ್ಪ ಬೀಗದ ಕೈ.

"ನಾನೇ ಅಳಿಸಿದೆ ಅಂತೀರಾ? ನನ್ನ ಮಗು ಬಾಯಿಂದ ಅನ್ನ ಕಿತ್ತುಕೊಂಡೆ ಅಂದ ಹಾಗಾಯ್ತು ಸಾರ್ ಅದು. ಬೆಳೆಗಾರರ ಮುಖ ನೋಡೋಕಾಗ್ತಿಲ್ಲ. 'ಏನಮ್ಮ ಹೊಲದ ಮೇಡಂ, ನಮ್ಮದು ಬೀಜವಾ ಹಿಂಡಿಯಾ?' ಅಂತ ಕೇಳ್ತಾರೆ."

"ನಿಮ್ಮ ವಾರಗಿತ್ತಿ ಹೇಗೆ?"

"ಅಕ್ಕನಾ? ಒಳ್ಳೆಯವರು. ಅವರ ಕೆಲಸ ಆರಾಮ, ನೆರಳಲ್ಲಿ ಕೂತು ಪರದೆ ನೋಡೋದು. ನನ್ನ ಹಾಗೆ ಬಿಸಿಲಲ್ಲಿ ಸಾಯಬೇಕಾಗಿಲ್ಲ."

ಅದನ್ನು ಅವಳು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಎಷ್ಟೋ ಸಲ ಹೇಳಿ ಸವೆದ ಮಾತಿನಂತಿತ್ತು.

ಗುರುವಾರ ಮಹಿಳಾ ಪೇದೆ ಸಾದಾ ಉಡುಪಿನಲ್ಲಿ ಅವರ ಮನೆಗೆ ಹೋದಳು. ಕುಪ್ಪಳಿಸುತ್ತ ನಡೆಯುವ ಅವಳಿಗೆ ಠಾಣೆಯಲ್ಲಿ ಗುಬ್ಬಿ ಎಂದು ಹೆಸರು. ಒಂದೇ ಅಂಗಳ, ಎರಡು ಅಡುಗೆಮನೆ, ನಡುವೆ ಬೀಜದ ಕೋಣೆ. ಬೀಜದ ಕೋಣೆಗೆ ಹಳೆಯ ಕಾಲದ ಕಬ್ಬಿಣದ ಬೀಗ. ಅತ್ತೆ ಹಸುವಿನ ಗೊಂತಿನ ಬಳಿ ಕೂತು ಹುಲ್ಲು ಕತ್ತರಿಸುತ್ತಿದ್ದಳು. ಕರುವೊಂದು ಅವಳ ಸೆರಗು ಜಗಿಯುತ್ತಿತ್ತು.

"ಇಬ್ಬರು ಸೊಸೆಯರಲ್ಲಿ ಯಾರು ಚೆನ್ನಾಗಿ ನೋಡ್ಕೋತಾರೆ ಅಜ್ಜಿ?" ಎಂದು ಗುಬ್ಬಿ ಪಕ್ಕದಲ್ಲಿ ಕೂತಳು.

"ಎರಡು ಕಣ್ಣಲ್ಲಿ ಯಾವುದು ಮೇಲು ಅಂತ ಕೇಳ್ತೀಯಲ್ಲ, ಪೊಲೀಸಾ ನೀನು?"

ಗುಬ್ಬಿ ಪೆಚ್ಚಾದಳು. ಮುದುಕಿ ನಕ್ಕಳು.

"ಮದುವೆ ಮಾಡಿಸೋಳಲ್ಲ, ಸಾಲ ಕೇಳೋಳಲ್ಲ, ಸುಮ್ಮನೆ ಬಂದು ಕೂತು ಸೊಸೆಯರ ಸುದ್ದಿ ಎತ್ತಿದರೆ ಪೊಲೀಸೇ. ಕೂತ್ಕೋ. ಹಿರಿಯವಳು ಗಡಿಯಾರ. ಅವಳು ಬೀಗ ಹಾಕಿದರೆ ಬೀಗಕ್ಕೇ ನೋವಾಗಬೇಕು, ಅಷ್ಟು ಜಗ್ಗಾಟ. ಕಿರಿಯವಳು ಮಾತಿನ ಮಲ್ಲಿ. ಸಂಜೆ ಬಂದು ಹೊಲದ ಸುದ್ದಿ ಹೇಳ್ತಾಳೆ, ಹೊತ್ತು ಹೋಗೋದೇ ತಿಳಿಯಲ್ಲ. ಹಿರಿಯವಳ ಆಫೀಸಿನ ಸುದ್ದಿ ಏನು ಕೇಳೋದು? ಅವಳೂ ಹೇಳಲ್ಲ."

"ಬೀಜದ ಕೋಣೆ ಬೀಗದ ಕೈ ಕಿರಿಯವರ ಸೊಂಟದಲ್ಲಿ ನೋಡಿದೆ."

"ಹನ್ನೆರಡು ವರ್ಷ ಹಿರಿಯವಳ ಹತ್ತಿರವೇ ಇತ್ತು. ಬೀಜ ತಿಳಿದವಳು ಬೀಜ ನೋಡ್ಕೊಳ್ಳಲಿ ಅಂತ ನಾನೇ ಈಸ್ಕೊಂಡು ಇವಳಿಗೆ ಕೊಟ್ಟೆ. ಅವಳು ಒಂದು ಮಾತಾಡಲಿಲ್ಲ ನೋಡು. ಬಿಚ್ಚಿ ಕೊಟ್ಟಳು. ಒಳ್ಳೆ ಗುಣ."

"ಯಾವಾಗ ಕೊಟ್ಟಿದ್ದು?"

ಮುದುಕಿ ಕರುವಿನ ಬಾಯಿಂದ ಸೆರಗು ಬಿಡಿಸಿಕೊಂಡಳು. "ಇದು ಹುಟ್ಟಿದ ದಿನ. ಹಾಲಿನ ಗಾಡಿ ಬಾರದ ದಿನ ಅದು. ಬುಧವಾರ. ಇದಕ್ಕೀಗ ಆರು ವಾರ ಕಳೆದು ಒಂದು ದಿನ."

ಠಾಣೆಗೆ ಮರಳಿ ಗುಬ್ಬಿ ಇದನ್ನು ಹೇಳಿದಾಗ ಇನ್‌ಸ್ಪೆಕ್ಟರ್ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. ಬುಧವಾರ ಬೀಗದ ಕೈ ಹೋಯಿತು. ಗುರುವಾರ ಟಿಕ್ ಹೋಯಿತು.

ದಫೇದಾರ ಮೆಲ್ಲಗೆ ಹೇಳಿದ, "ನಗಬೇಡಿ ಸಾರ್. ನನ್ನ ಷಡ್ಡಕ ಹೊಸ ಗಾಡಿ ತಗೊಂಡು ಮಾವನ ಮನೆ ಮುಂದೆ ನಿಲ್ಲಿಸಿದನಲ್ಲ, ಆವತ್ತು ನನಗೂ ಒಂದು ಮೊಳೆ ಹುಡುಕಿ ಟೈರಿಗೆ ಚುಚ್ಚೋಣ ಅನ್ನಿಸಿತ್ತು."

"ಚುಚ್ಚಿದ್ರಾ?" ಗುಬ್ಬಿ ಕೇಳಿದಳು.

"ಮೊಳೆ ಸಿಗಲಿಲ್ಲ."

"ಈಕೆಗೆ ಸಿಕ್ಕಿದೆ," ಎಂದರು ಇನ್‌ಸ್ಪೆಕ್ಟರ್. "ಆದರೆ ಅನ್ನಿಸಿಕೆ ಸಾಕ್ಷಿ ಅಲ್ಲ. ಆ ಡಿಸ್ಕ್ ಬೇಕು. ಬೀಗ ಎರಡು ಸಲ ಜಗ್ಗೋಳು, ಪರಿಶೀಲನೆ ಮಾಡಿದ ಪ್ರತೀನ ಬಾವಿಗೆ ಎಸೀತಾಳಾ?"

"ಮನೇಲೇ ಇರುತ್ತೆ."

"ಅದೇ ಸೂರಿನ ಕೆಳಗೆ ವಾರಗಿತ್ತಿಯೂ ಇದ್ದಾಳೆ. ಕಚೇರಿ ಒಂದು ಸೂರು, ಮನೆ ಒಂದು ಸೂರು. ಎರಡೂ ಆಗಲ್ಲ." ಅವರು ಕಿಟಕಿಯಾಚೆ ಕಣದ ಕಡೆ ನೋಡಿದರು. "ನಮ್ಮಮ್ಮ ಪ್ರತಿ ವರ್ಷ ಬಿತ್ತನೆ ಕಾಳಲ್ಲಿ ಒಂದು ಗಂಟು ಕಟ್ಟಿ ತೆಗೆದುಕೊಂಡು ಹೋಗಿ ಬೇರೆ ಕಡೆ ಇಡೋಳು. ನಮ್ಮನೇಲಿ ಹುಳ ಬಿದ್ದರೆ ಅಲ್ಲಿರಲಿ ಅಂತ."

"ಎಲ್ಲಿ ಇಡೋರು?"

"ಹೆಂಗಸಿಗೆ ಇನ್ನೊಂದು ಸೂರು ಅಂದರೆ ಯಾವುದು?"

ಗುಬ್ಬಿ ತಟ್ಟನೆ ಎದ್ದು ನಿಂತಳು. "ತವರು."

*

ಶುಕ್ರವಾರ ಶೋಧನಾ ವಾರಂಟ್ ಸಿಕ್ಕಿತು. ಮೇಲ್ವಿಚಾರಕಿಯ ತವರುಮನೆ ಹತ್ತು ಮೈಲಿ ದೂರದ ಹಳ್ಳಿಯಲ್ಲಿತ್ತು. ಅಣ್ಣ ಹೊಲದಲ್ಲಿದ್ದ. ಬಾಗಿಲು ತೆರೆದ ಅತ್ತಿಗೆಯ ಕೈಗೆ ಹಿಟ್ಟು ಮೆತ್ತಿತ್ತು. ಪಂಚರಾಗಿ ಶಾಲೆಯ ಮಾಸ್ತರನ್ನೂ ಅಂಚೆಯವನನ್ನೂ ಕರೆಸಿದರು.

"ನಿಮ್ಮ ನಾದಿನಿ ಏನಾದರೂ ಇಡೋಕೆ ಕೊಟ್ಟಿದ್ದರಾ?"

ಅತ್ತಿಗೆ ಮುಖ ಗಂಟು ಹಾಕಿದಳು. "ಕೊಟ್ಟಿದ್ದಾ? ನನ್ನ ಕೈಗೆ ಕೊಡುವಷ್ಟು ನಂಬಿಕೆ ಇದ್ದಿದ್ದರೆ ಇನ್ನೇನು! ತಾನೇ ಏಣಿ ಹಾಕಿ ಅಟ್ಟ ಹತ್ತಿದಳು, ತಾನೇ ಇಟ್ಟಳು, ಇಳಿದಳು. ಮತ್ತೆ ಹತ್ತಿ ನೋಡಿದಳು. ಅದೇನು ಚಿನ್ನವಾ ಅಂದೆ. ಅದಕ್ಕಿಂತ ಹೆಚ್ಚು ಅಂದಳು."

ಅಟ್ಟದ ಮೇಲೆ ಬೀಜದ ಮಡಕೆಗಳ ಸಾಲಿನ ಹಿಂದೆ, ದಿಂಬಿನ ಚೀಲದೊಳಗೆ ಸುತ್ತಿಟ್ಟ ಡಿಸ್ಕ್ ಸಿಕ್ಕಿತು. ತೇವ ತಾಕದಂತೆ ಪ್ಲಾಸ್ಟಿಕ್ಕಿನ ಒಳಪದರ ಬೇರೆ. ಚೀಲದ ಮೇಲೆ ಚೀಟಿ ಅಂಟಿಸಿ ದುಂಡಗೆ ಬರೆದಿತ್ತು: ಕ್ಷೇತ್ರ, ಪೂರ್ಣ ಪ್ರತಿ, ಪರಿಶೀಲಿಸಿದೆ.

ದಫೇದಾರ ಅದನ್ನು ಪಂಚರಿಗೆ ತೋರಿಸಿ, ಮೊಹರು ಹಾಕುತ್ತ ತಲೆಯಾಡಿಸಿದ. "ಕದ್ದ ಮಾಲಿಗೆ ಹೆಸರು ಬರೆದು ಅಂಟಿಸಿದ ಕಳ್ಳನನ್ನ ನನ್ನ ಸರ್ವಿಸಲ್ಲೇ ನೋಡಿರಲಿಲ್ಲ."

*

ಶನಿವಾರ ಮಧ್ಯಾಹ್ನ ಮೂರಕ್ಕೆ ಅವರು ಸರ್ವರ್ ಕೋಣೆಗೆ ಹೋದಾಗ ಮೇಲ್ವಿಚಾರಕಿ ಎಸಿಯ ಬಕೆಟ್ಟಿನ ನೀರು ಚೆಲ್ಲಿ ಬಂದು ಕೈ ಒರೆಸಿಕೊಳ್ಳುತ್ತಿದ್ದಳು. ಇನ್‌ಸ್ಪೆಕ್ಟರ್ ದಿಂಬಿನ ಚೀಲವನ್ನು ಮೇಜಿನ ಮೇಲಿಟ್ಟರು. ಅವಳು ಅದನ್ನು ನೋಡಿದಳು. ಹೆದರಿದಂತೆ ಕಾಣಲಿಲ್ಲ. ಬೆರಳು ಮುಂದೆ ಮಾಡಿ, ಚೀಲದ ಮೂಲೆಯಲ್ಲಿ ಅಂಟಿದ್ದ ಹೊಟ್ಟನ್ನು ತೆಗೆದಳು.

"ಇದು ಯಾರ ಅಕ್ಷರ?"

"ನನ್ನದು."

"ಯಾಕೆ ಎತ್ತಿಟ್ಟಿರಿ?"

"ಎತ್ತಿಡದೆ ಅಳಿಸೋದು ಹೇಗೆ ಸಾರ್?" ಅವಳ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು.

"ಅಳಿಸಿದ್ದು ಯಾಕೆ?"

ಅವಳು ಕನ್ನಡಕ ತೆಗೆದಳು. "ನನ್ನ ಕೆಲಸ ನಾನು ಸರಿಯಾಗಿ ಮಾಡಿದ ದಿನ ಏನೂ ಆಗಲ್ಲ. ಏನೂ ಆಗದ್ದನ್ನ ಯಾರು ನೋಡ್ತಾರೆ? ಅವಳು ಬಿಸಿಲಲ್ಲಿ ಬಂದರೆ ಅತ್ತೆ ನೀರು ಹಿಡ್ಕೊಂಡು ಬಾಗಿಲಿಗೆ ಬರ್ತಾರೆ. ಬರಲಿ. ಅದೂ ಹೋಗಲಿ ಅಂತಿದ್ದೆ. ಬೀಗದ ಕೈ ಈಸ್ಕೊಂಡರು. ಹನ್ನೆರಡು ವರ್ಷ ಒಂದು ಕಾಳಿಗೆ ಇಲಿ ಹಲ್ಲು ತಾಕಿಸಿಲ್ಲ ನಾನು. ಅವಳಿಗೆ ಕೊಟ್ಟರು. ಅವಳು ಅದನ್ನ ಸೊಂಟಕ್ಕೆ ಕಟ್ಟಿ ಓಡಾಡ್ತಾಳೆ. ಝಲ್ ಝಲ್ ಅಂತ. ಮೊದಲು ಅದು ಸದ್ದು ಮಾಡ್ತಿರಲಿಲ್ಲ. ನಾನು ಬಟ್ಟೆ ಸುತ್ತಿ ಇಟ್ಕೋತಿದ್ದೆ."

"ಆರು ವಾರ ಸುಮ್ಮನಿದ್ದಿರಿ."

"ದಿನಾ ಬೆಳಗ್ಗೆ ಆ ಪರದೆ ತೆಗೀತಿದ್ದೆ, ಇವತ್ತು ಟಿಕ್ ಹಾಕಿಬಿಡೋಣ ಅಂತ. ಅಷ್ಟರಲ್ಲಿ ವರಾಂಡದಲ್ಲಿ ಬೀಗದ ಕೈ ಸದ್ದು ಬರೋದು. ಕೈ ಹಿಂದಕ್ಕೆ ತಗೋತಿದ್ದೆ." ಕನ್ನಡಕ ಒರೆಸಿದಳು. "ಹೋದ ಭಾನುವಾರ ಮನೆಗೆ ನೆಂಟರು ಬಂದಿದ್ದರು. 'ಈ ಮನೆ ಬೀಜ ಉಳಿಯೋದು ಕಿರಿ ಸೊಸೆಯಿಂದ' ಅಂದರು ಅತ್ತೆ. ನೆಂಟರು ನನ್ನನ್ನ ನೋಡಿ, 'ನೀನೇನು ಮಾಡ್ತೀಯಮ್ಮ?' ಅಂದರು. ನಾನು ಬಾಯಿ ತೆಗೆಯೋದರೊಳಗೆ ಅತ್ತೆನೇ ಉತ್ತರ ಕೊಟ್ಟರು. 'ಅವಳು ಆಫೀಸಲ್ಲಿ ಕೂತ್ಕೋತಾಳೆ' ಅಂತ."

ಬಕೆಟ್ಟಿಗೆ ಹನಿ ಬಿತ್ತು.

"ಅವಳು ಅಳೋದು ನೋಡಿದ ಮೇಲಾದರೂ ಕೊಡಬಹುದಿತ್ತಲ್ಲ?" ಗುಬ್ಬಿಗೆ ತಡೆಯಲಾಗಲಿಲ್ಲ.

"ಕೊಡೋಣ ಅಂತಲೇ ಇದ್ದೆ. ಮಂಗಳವಾರ ಅವಳು ಅತ್ತಳು. ಹಿತವಾಯ್ತು, ಸುಳ್ಳು ಹೇಳಲ್ಲ. ಸಂಜೆ ಅತ್ತೆ ಅವಳ ತಲೆ ತೊಡೆ ಮೇಲೆ ಇಟ್ಕೊಂಡು ಸವರ್ತಾ ಕೂತರು. ಅತ್ತರೂ ಅವಳಿಗೇ ಸಿಕ್ಕಿತು. ಆಮೇಲೆ ಕೊಡೋಕೆ ಮನಸ್ಸು ಬರಲಿಲ್ಲ."

ಇನ್‌ಸ್ಪೆಕ್ಟರ್ ಬಂಧನದ ವಿಷಯ ತಿಳಿಸಿದರು. ಅವಳು ತನ್ನ ಕೈಚೀಲ ಎತ್ತಿಕೊಂಡು, ದೀಪ ಆರಿಸಿ, ಕೋಣೆಗೆ ಬೀಗ ಹಾಕಿದಳು. ಒಮ್ಮೆ ಜಗ್ಗಿದಳು. ಎಲ್ಲರೂ ನೋಡುತ್ತಿರುವುದು ತಿಳಿದು ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಜಗ್ಗಿ, ಬೀಗದ ಕೈಯನ್ನು ದಫೇದಾರನಿಗೆ ಒಪ್ಪಿಸಿದಳು.

ಅವತ್ತೇ ಸಂಜೆ ಪಂಚರ ಎದುರು ಮೊಹರು ಒಡೆದು, ಡಿಸ್ಕಿನ ನಕಲು ತೆಗೆದು, ಡಬ್ಬಿ ಡಾಕ್ಟರ್ ಕ್ಷೇತ್ರವನ್ನು ಸರ್ವರಿಗೆ ಮರಳಿಸಿದ. ಒಂದು ಮೇಲೂ ಕೆಟ್ಟಿರಲಿಲ್ಲ. ಕೊನೆಯ ಆರು ವಾರದ್ದು ಮಾತ್ರ ಇರಲಿಲ್ಲ. ಅದು ಕೊಯ್ಲಿನ ಕಾಲದ್ದು, ಹೂವಿನ ಕಾಲದ್ದಲ್ಲ, ನಡೆಯುತ್ತದೆ ಎಂದರು ಸಂಘದವರು. ವ್ಯವಸ್ಥಾಪಕ ಎಲ್ಲರಿಗೂ ಚಹಾ ತರಿಸಿದ. ತಪಾಸಕಿಯನ್ನು ಕುರಿತು ಮೊದಲು ಆಡಿದ್ದ ಮಾತನ್ನು ಎತ್ತಲಿಲ್ಲ. ಸೋಮವಾರ ಸಮಿತಿ ಆ ಬೀಜವನ್ನು ಒಪ್ಪಿತು. ಟ್ರಾಕ್ಟರುಗಳು ಗಾಣದ ದಾರಿ ಹಿಡಿಯಲಿಲ್ಲ. ಆದರೆ ಅದಕ್ಕೆ ಮೊದಲು ಭಾನುವಾರದ ಮಾತೊಂದು ಇದೆ.

*

ಭಾನುವಾರ ಬೆಳಗ್ಗೆ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಅವಳನ್ನು ಹಾಜರುಪಡಿಸಿ ಕರೆತಂದಿದ್ದರು. ಜೈಲಿನ ಗಾಡಿ ಮಧ್ಯಾಹ್ನಕ್ಕೆ ಬರಬೇಕಿತ್ತು. ಒಳಕೋಣೆಯಲ್ಲಿ ಗುಬ್ಬಿಯ ಕಾವಲಿನಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು. ಇನ್‌ಸ್ಪೆಕ್ಟರ್ ಹಾದುಹೋಗುವಾಗ ಕರೆದಳು.

"ಸಾರ್, ಮರಳಿಸಿದ ಮೇಲೆ ಆ ಟಿಕ್ ವಾಪಸ್ ಹಾಕಿದರಾ?"

"ಯಾವುದು?"

"ಕ್ಷೇತ್ರದ ಮುಂದಿನದು. ಇವತ್ತು ಭಾನುವಾರ. ಪೂರ್ಣ ಪ್ರತಿ ತೆಗೆಯೋ ದಿನ."

ಇನ್‌ಸ್ಪೆಕ್ಟರ್ ಡಬ್ಬಿ ಡಾಕ್ಟರನಿಗೆ ಫೋನು ಹಚ್ಚಿದರು. ಅವನು, "ಅಯ್ಯೋ," ಎಂದ. ಬೆಳಗ್ಗೆ 'ಬ್ಯಾಕಪ್ ಯಶಸ್ವಿ' ಎಂದು ಬಂದಿತ್ತು, ಅದಕ್ಕೇ ನೋಡಿರಲಿಲ್ಲ ಎಂದ.

"ಹೋಗಿ ಹಾಕು. ತೊಂಬತ್ತು ದಿನ ಮಾಡು."

"ಪರಿಶೀಲನೇನೂ," ಎಂದಳು ಒಳಗಿನಿಂದ.

"ಪರಿಶೀಲನೇನೂ," ಎಂದರು ಇನ್‌ಸ್ಪೆಕ್ಟರ್.

ಸ್ವಲ್ಪ ಹೊತ್ತಿಗೆ ವಾರಗಿತ್ತಿ ಬಂದಳು. ಅತ್ತೆ ಕಳಿಸಿದ ಬಟ್ಟೆಯ ಚೀಲ ಕೈಯಲ್ಲಿತ್ತು. ಅದನ್ನು ದಫೇದಾರನ ಮೇಜಿನ ಮೇಲಿಟ್ಟು ಒಳಕೋಣೆಯ ಕಡೆ ನೋಡದೆ ನಿಂತಳು. ದಫೇದಾರ ಚೀಲ ತಡಕಿ ನೋಡಿ ಒಳಗೆ ಕಳಿಸಿದ. ಇನ್‌ಸ್ಪೆಕ್ಟರ್ ಟಿಕ್ಕಿನ ವಿಷಯ ಹೇಳಿದರು.

"ಮದುವೆ ಮಾಡಿಸಿದ್ದು ಅವರು. ಕೆಲಸ ಕೊಡಿಸಿದ್ದು ಅವರು. ಈಗ ಇದೂ ಒಂದು. ಬೇಡ ಅಂದರೂ ಋಣ ಬೆಳೀತಾನೇ ಇದೆ ಸಾರ್."

"ತೀರಿಸೋಕೆ ದಾರಿ ಇದೆಯಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಅವರ ಕಣ್ಣು ಅವಳ ಸೊಂಟದ ಮೇಲಿತ್ತು.

ಅವಳ ಕೈ ಬೀಗದ ಕೈಯ ಮೇಲೆ ಹೋಯಿತು, ಬಿಗಿಯಾಗಿ ಮುಚ್ಚಿಕೊಂಡಿತು.

"ಇದನ್ನು ಬಿಟ್ಟು ಬೇರೆ ಏನಾದರೂ ಹೇಳಿ," ಎಂದಳು. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದಳು.

ಒಳಗೆ ಹಿರಿಯವಳು ಚೀಲದಿಂದ ಬಟ್ಟೆ ತೆಗೆದು, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಬೀಗದ ಕೈಯ ಸದ್ದು ಅಂಗಳ ದಾಟಿ, ಗೇಟು ದಾಟಿ, ಒಕ್ಕಣೆಯ ಯಂತ್ರದ ಗದ್ದಲದಲ್ಲಿ ಅಡಗುವ ತನಕ ಅವಳ ಕೈ ನಿಂತಿತ್ತು. ಆಮೇಲೆ ಮಡಿಕೆಯನ್ನು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು.